ಏಟು ತಿಂದ ಬೀದಿನಾಯಿ ಮಂಚದ ಕೆಳಗಿಂದ ಹೊರಗೇ ಬರ್ತಿಲ್ಲ, ಏನ್ ಮಾಡೋದು?

ಪ್ರಶ್ನೆ: ಯಾರೋ ದೊಣ್ಣೆಯಲ್ಲಿ ಹೊಡೆದು ಕಾಲು ಮುರಿದಿದ್ದ ಬೀದಿನಾಯಿಯನ್ನು ಮನೆಗೆ ತಂದಿದ್ದೇವೆ. ಎರಡು ವಾರ ಆಯಿತು. ಮಂಚದ ಕೆಳಗೆ ಸೇರಿಕೊಂಡಿದೆ. ಕೈ ಎತ್ತಿದರೆ ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತೆ, ಪೊರಕೆ ಕಂಡರೆ ಕಿರುಚುತ್ತೆ. ಎಷ್ಟು ಪ್ರೀತಿ ತೋರಿಸಿದರೂ ಹತ್ತಿರ ಬರ್ತಿಲ್ಲ. ಇದು ಸರಿ ಹೋಗುತ್ತಾ?

ಉತ್ತರ: ಹೋಗುತ್ತದೆ, ಬಹುಪಾಲು ನಾಯಿಗಳು ಸರಿ ಹೋಗುತ್ತವೆ. ಆದರೆ ಎರಡು ವಾರ ಏನೇನೂ ಸಾಲದು. ನಾಯಿ ಕಾಪಾಡುವವರ ನಡುವೆ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜು ಲೆಕ್ಕ ಓಡಾಡುತ್ತದೆ. ಮೊದಲ ಮೂರು ದಿನ ಬರೀ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ಇದು ನನ್ನ ಜಾಗ ಅನ್ನಿಸುತ್ತದೆ. ಏಟು ತಿಂದ ನಾಯಿಗೆ ಇನ್ನೂ ಜಾಸ್ತಿ ಹಿಡಿಯಬಹುದು. ಸದ್ಯಕ್ಕೆ ನೀವು ಮಾಡಬೇಕಾದ್ದು ಪ್ರೀತಿ ತೋರಿಸುವುದನ್ನು ಸ್ವಲ್ಪ ಕಮ್ಮಿ ಮಾಡುವುದು. ನಾವೆಲ್ಲ ಏನು ಮಾಡುತ್ತೇವೆ ನೋಡಿ: ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, ಮುದ್ದು ಮಾತಾಡುತ್ತಾ ತಲೆ ಮೇಲೆ ಕೈ ತರುತ್ತೇವೆ. ಮೇಲಿಂದ ಕೈ ಬಂದರೆ ಏಟು ಬೀಳುತ್ತದೆ ಅಂತಲೇ ಅದು ಇಷ್ಟು ದಿನ ಕಲಿತಿರುವುದು.

ಅದಕ್ಕೂ ಮೊದಲು ನೋವಿನ ವಿಚಾರ. ಮುರಿದ ಕಾಲಿಗೆ ಚಿಕಿತ್ಸೆ ಆಗಿರಬಹುದು, ಆದರೆ ಹಳೆಯ ಪಕ್ಕೆಲುಬಿನ ಪೆಟ್ಟು, ಕಿವಿಯ ಸೋಂಕು, ಒಡೆದ ಹಲ್ಲು, ಉಣ್ಣೆ ಕಚ್ಚಿ ಬರುವ ಜ್ವರ, ಇವೆಲ್ಲ ಹೊರಗೆ ಕಾಣುವುದಿಲ್ಲ. ಮೈ ನೋಯುತ್ತಿರುವ ನಾಯಿ ಮೂಲೆ ಹಿಡಿದು ಕೂತರೆ ಅದು ಭಯ ಮಾತ್ರ ಅಂತ ಹೇಳಲು ಬರುವುದಿಲ್ಲ. ಬೆಂಗಳೂರಿನಲ್ಲಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೇರೆ ಕಡೆ ತಾಲೂಕಿನ ಪಶು ಆಸ್ಪತ್ರೆ. ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರೆ ಅರ್ಧ ಮುರಿದು ಕೊಡುವ ಕೆಲಸ ದಯವಿಟ್ಟು ಬೇಡ, ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿಯೂ ಕೆಡುತ್ತದೆ.

ಒಂದು ಕಿವಿಯ ತುದಿ ಕತ್ತರಿಸಿದಂತಿದ್ದರೆ ಅದಕ್ಕೆ ಸಂತಾನಹರಣ ಆಗಿದೆ ಅಂತ ಅರ್ಥ. ರೇಬಿಸ್ ಲಸಿಕೆಯೂ ಆಗ ಬಿದ್ದಿರುತ್ತದೆ, ಯಾವ ವರ್ಷವೋ ಏನೋ, ಅದಕ್ಕೇ ಇನ್ನೊಮ್ಮೆ ಹಾಕಿಸಿ. ಇಷ್ಟರಲ್ಲಿ ನಿಮ್ಮ ಮನೆಯವರಿಗೆ ಯಾರಿಗಾದರೂ ಕಚ್ಚಿದರೆ, ರಕ್ತ ಬಾರದಂತೆ ಪರಚಿದರೂ ಸರಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ಈಗ ಮಂಚದ ಕೆಳಗಿನದು. ಎಳೆಯಬೇಡಿ. ಅಲ್ಲಿಗೇ ಒಂದು ಹಳೇ ಚಾದರ, ನೀರು ಇಡಿ. ದಿನಾ ಒಂದೇ ಹೊತ್ತಿಗೆ ಊಟ. ನೀವು ಕೋಣೆಯಲ್ಲಿ ದೂರ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಮೊಬೈಲ್ ನೋಡಿ, ಪೇಪರ್ ಓದಿ, ನಾಯಿಯನ್ನು ಮಾತ್ರ ನೋಡಬೇಡಿ. ಆಗಾಗ ಮೂಳೆ ಇಲ್ಲದ ಬೇಯಿಸಿದ ಕೋಳಿ ಚೂರೊಂದನ್ನು ಅದರ ಕಡೆ ಎಸೆಯಿರಿ. ಅದು ತಾನಾಗಿ ಬಂದು ಮೂಸಿದರೂ ಮುಟ್ಟಬೇಡಿ. ಇದೇ ಕಷ್ಟದ ಭಾಗ, ಕೈ ಸುಮ್ನೆ ಇರೋದಿಲ್ಲ ಅಲ್ವಾ? ಮುಂದೆ ಯಾವಾಗಲೋ ಅದೇ ಮೈ ತಾಗಿಸಿ ನಿಂತರೆ ಗಲ್ಲದ ಕೆಳಗೆ, ಎದೆಯ ಹತ್ತಿರ ಎರಡು ಸಲ ಸವರಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ.

ಪೊರಕೆಗೆ ಬೇರೆ ಉಪಾಯ ಬೇಕು. ಅದು ಕಂಡರೂ ಕಿರುಚದಷ್ಟು ದೂರದಲ್ಲಿ ಪೊರಕೆಯನ್ನು ನೆಲದ ಮೇಲೆ ಮಲಗಿಸಿ. ನಾಯಿಯ ಕಣ್ಣು ಪೊರಕೆ ಮೇಲೆ ಬಿದ್ದ ತಕ್ಷಣ ಕೋಳಿ ಚೂರು. ಪೊರಕೆ ಎತ್ತಿಟ್ಟ ಮೇಲೆ ಕೋಳಿಯೂ ಬಂದ್. ಈ ಕ್ರಮ ಹಿಂದುಮುಂದಾಗಬಾರದು, ಪೊರಕೆ ಮೊದಲು ಕಾಣಬೇಕು, ತಿಂಡಿ ಆಮೇಲೆ. ದಿನ ಕಳೆದಂತೆ ಗೇಣು ಗೇಣು ಹತ್ತಿರ ತನ್ನಿ, ಆಮೇಲೆ ಕೈಯಲ್ಲಿ ಹಿಡಿದು ನಿಲ್ಲಿ, ಕೊನೆಗೆ ಮೆಲ್ಲಗೆ ಗುಡಿಸಿ. ನಡುವೆ ತಿನ್ನುವುದು ನಿಲ್ಲಿಸಿದರೆ ನೀವು ಆತುರ ಮಾಡಿದ್ದೀರಿ ಅಂತ ಲೆಕ್ಕ, ಹಿಂದಿನ ಜಾಗಕ್ಕೆ ಹೋಗಿ. ಮನೆಕೆಲಸಕ್ಕೆ ಬರುವವರಿಗೂ ಹೇಳಿಡಿ, ಯಾಕೆಂದರೆ ನೀವು ಹದಿನೈದು ದಿನ ಪಟ್ಟ ಶ್ರಮ ಒಂದು ಸಲ ಹುಶ್ ಹುಶ್ ಅಂತ ಪೊರಕೆ ಬೀಸಿದರೆ ಮುಗಿಯಿತು.

ಉಚ್ಚೆಗೆ ಬೈಯಬೇಡಿ, ಅದು ಹೆದರಿಕೆಗೆ ಬರುವುದು, ಹಟಕ್ಕಲ್ಲ. ಸದ್ದಿಲ್ಲದೆ ಒರೆಸಿ. ಗುರ್ ಅಂದರೂ ಗದರಬೇಡಿ. ಗುರ್ ಅನ್ನುವ ನಾಯಿ ನಿಮಗೆ ಮುಂಚೆಯೇ ತಿಳಿಸುತ್ತಿದೆ, ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ತಿಳಿಸದೇ ಕಚ್ಚುತ್ತದೆ.

ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ತೂರಿಸಿಕೊಂಡು ಓಡುತ್ತದೆ. ಎದೆಗೆ ಹಾಕುವ ಹಾರ್ನೆಸ್ ಜೊತೆಗಿರಲಿ. ದೀಪಾವಳಿ ವಾರದಲ್ಲಂತೂ ಬಾಗಿಲು, ಗೇಟು ಎರಡೂ ಭದ್ರ.

ಹೊಡೆದವರು ಯಾರೆಂದು ಗೊತ್ತಿದ್ದರೆ ಠಾಣೆಗೆ ದೂರು ಕೊಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ, ನಗು ಬರುತ್ತದೆ. ಆದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ 5 ವರ್ಷದವರೆಗೆ ಜೈಲು. ದೂರಿನಲ್ಲಿ ಈ ಸೆಕ್ಷನ್ ಬರೆಯಿರಿ, ಗಾಯದ ಫೋಟೊ, ಎಕ್ಸ್-ರೇ, ವೈದ್ಯರ ಚೀಟಿ ಲಗತ್ತಿಸಿ.

ಕೆಲವು ತಿಂಗಳಾದರೂ ಊಟ ಸರಿಯಾಗಿ ಸೇರದೆ, ನಿದ್ದೆ ಇಲ್ಲದೆ ನಡುಗುತ್ತಲೇ ಇದ್ದರೆ ಮತ್ತೆ ವೈದ್ಯರ ಹತ್ತಿರ ಹೋಗಿ. ನಾಯಿಗಳ ಆತಂಕಕ್ಕೂ ಮಾತ್ರೆ ಇದೆ, ಫ್ಲುಯೋಕ್ಸೆಟಿನ್‌ನಂಥವು. ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು. ಅವರು ಹೇಳದೆ ಶುರು ಮಾಡುವುದು, ನಡುವೆ ನಿಲ್ಲಿಸುವುದು ಎರಡೂ ಬೇಡ.