ಮಗ್ಗ ನಿಂತಾಗ ಕೆಲಸ ಹೋದದ್ದು ಯಾರದು?

ನಿರುದ್ಯೋಗ ಅಂದರೆ ಬಾಗಲಕೋಟೆಯಲ್ಲಿ ಡಿಗ್ರಿ ಮುಗಿಸಿ ಖಾಲಿ ಕೂತ ಹುಡುಗರೇ ಮೊದಲು ನೆನಪಾಗುತ್ತಾರೆ. ಆದರೆ ಜಿಲ್ಲೆಯಲ್ಲಿ ಕೆಲಸ ಕಳೆದುಕೊಂಡವರು ಅವರಿಗಿಂತ ಮೊದಲೂ ಇದ್ದರು. ಅಣ್ಣತಮ್ಮಂದಿರಲ್ಲಿ ಪಾಲಾಗಿ ಹೊಲ ಸಣ್ಣದಾಯಿತು. ಆಲಮಟ್ಟಿ ಹಿನ್ನೀರಿಗೆ ಊರುಗಳು ಮುಳುಗಿದವು. ಬರ ಬಿದ್ದಾಗ ಜನ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋದರು. ಹೊಲವಿಲ್ಲದ ಕೇರಿಗಳಿಂದ, ಲಂಬಾಣಿ ತಾಂಡಾಗಳಿಂದ ಹೋದವರೇ ಜಾಸ್ತಿ.

ನೇಕಾರರ ಕಥೆ ಬೇರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳು ಎಷ್ಟೋ ಮನೆಗಳನ್ನು ಊರಲ್ಲೇ ಉಳಿಸಿದ್ದವು. ಸಾಹುಕಾರರು ನೂಲು ಕೊಡುತ್ತಾರೆ, ನೇಕಾರ ನೇಯ್ದು ಕೊಟ್ಟು ಮಜೂರಿ ತರುತ್ತಾನೆ. ಮಜೂರಿ ಬರುವುದು ಒಬ್ಬನ ಕೈಗೆ, ದುಡಿಯುವುದು ಮನೆಮಂದಿಯೆಲ್ಲ. ಅತ್ತೆ ನೂಲಿನ ಲಡಿ ಬಿಡಿಸುತ್ತಾಳೆ. ಸೊಸೆ ಅಡುಗೆ ಮುಗಿಸಿ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಶಾಲೆಯಿಂದ ಬಂದ ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಇದು ಕೆಲಸವೇ ಅಲ್ವಾ?

ಆಮೇಲೆ ವಿದ್ಯುತ್ ಮಗ್ಗದ ಅಗ್ಗದ ಸೀರೆ ಬಂತು. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡಲು 1985ರಲ್ಲಿ ಕಾನೂನು ಮಾಡಿದರು. ಮೊದಲು 22 ಬಗೆಯ ಬಟ್ಟೆಗಳಿದ್ದವು, ಮುಂದೆ 11 ಉಳಿದವು. ಖಣದ ಕುಪ್ಪಸ ತೊಡುವವರೂ ಕಡಿಮೆಯಾದರು. ಒಂದೊಂದೇ ಮನೆಯಲ್ಲಿ ಮಗ್ಗದ ಸದ್ದು ನಿಂತಿತು.

ಲೆಕ್ಕ ತಪ್ಪುವುದು ಇಲ್ಲೇ. ಸರ್ಕಾರಿ ಸಮೀಕ್ಷೆಯಲ್ಲಿ ನಿರುದ್ಯೋಗಿ ಎಂದರೆ ಕೆಲಸವಿಲ್ಲದೆ, ಕೆಲಸ ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ತಯಾರಿರುವವರು. ಮಗ್ಗ ನಿಂತ ಮೇಲೆ ಗಂಡ ಬೇರೆ ಕೆಲಸ ಹುಡುಕಿಕೊಂಡು ಹೊರಡುತ್ತಾನೆ, ಲೆಕ್ಕಕ್ಕೆ ಸಿಗುತ್ತಾನೆ. ಹೆಂಡತಿಯನ್ನು ಕೇಳಿದರೆ ‘ಮನೆಯಲ್ಲೇ ಇರ್ತೀನಿ’ ಅನ್ನುತ್ತಾಳೆ. ಮನೆಗೆಲಸ ಎಂದು ಬರೆದುಕೊಂಡರೆ ಮುಗಿಯಿತು. ಅವಳು ದುಡಿಯುವವರ ಪಟ್ಟಿಯಲ್ಲೂ ಇಲ್ಲ, ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ. ಅಷ್ಟು ವರ್ಷ ಸುತ್ತಿದ ಕಂಡಿಕೆ ಸುಮ್ನೆ ಮರೆತುಹೋಗುತ್ತದೆ. ಹೀಗಾಗಿ ನಿರುದ್ಯೋಗ ಇಳಿದಿದೆ ಎಂಬ ಸುದ್ದಿ ಓದಿದಾಗ ನನಗೆ ಸಮಾಧಾನವಾಗುವುದಿಲ್ಲ.

ಬೇರೆ ಕೆಲಸಕ್ಕೆ ಹೋಗಲು ಅವಳಿಗೆ ಓದೂ ಇಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 79ರಷ್ಟಿದ್ದರೆ ಹೆಂಗಸರದು ಶೇ 58ರಷ್ಟಿತ್ತು. ಎಷ್ಟೋ ಹುಡುಗಿಯರು ಹೈಸ್ಕೂಲ್ ಮುಗಿಸುವ ಮೊದಲೇ ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ.

2023ರ ಕೊನೆಗೆ, ಓದಿಯೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆ ಬಂತು. ಡಿಗ್ರಿಯವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಹುಡುಗರಿಗೆ ಅದು ಬೇಕಿತ್ತು. ಅರ್ಜಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಕಂಡಿಕೆ ಸುತ್ತಿದವಳ ಹತ್ತಿರ ಅದಿಲ್ಲ.