ಇಳಿಜಾರಿನಲ್ಲಿ ಇಳಿದು ಒಳಗೆ ಹೋಗುವುದೇಕೆ: ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ ಮ್ಯೂಸಿಯಂ ಆದ ಬಗೆ

ಹಳೆಯ ಕಾರ್ಖಾನೆ ಕಟ್ಟಡಗಳ ಮರುಬಳಕೆ ಪಾಠದಲ್ಲಿ ನನ್ನನ್ನು ಮೂರು ದಿನ ಕೂರಿಸಿದ್ದು ಲಂಡನ್ನಿನ ಬ್ಯಾಂಕ್‌ಸೈಡ್. ನಿನ್ನೆ ರಾತ್ರಿ ಅದರ ಸೆಕ್ಷನ್ ಡ್ರಾಯಿಂಗ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ಕೊನೆಗೂ ತಲೆಗೆ ಹತ್ತಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಪ್ಲಾನ್ (ಮೇಲಿನಿಂದ ಕಂಡ ನಕ್ಷೆ), ಎಲಿವೇಷನ್ (ಹೊರಮುಖದ ನಕ್ಷೆ) ಓದುವುದು ನನ್ನ ಜೊತೆ ಓದುವವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಟ್ಟಿದ್ದೇನೆ.

ಮೊದಲು ಇಸವಿಗಳು

ಥೇಮ್ಸ್ ನದಿಯ ದಕ್ಷಿಣ ದಂಡೆಯ ಈ ಜಾಗದಲ್ಲಿ 1891ರಿಂದಲೇ ಒಂದು ವಿದ್ಯುತ್ ಸ್ಥಾವರವಿತ್ತು. ಈಗ ನಾವು ನೋಡುವ ಇಟ್ಟಿಗೆ ಕಟ್ಟಡ ಸರ್ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರ ವಿನ್ಯಾಸ. 1947ರಿಂದ 1963ರ ನಡುವೆ ಎರಡು ಹಂತಗಳಲ್ಲಿ ಎದ್ದಿತು. ಸುಡುತ್ತಿದ್ದುದು ತೈಲ. ತೈಲದ ಬೆಲೆ ಏರಿ ವಿದ್ಯುತ್ ತಯಾರಿಕೆ ದುಬಾರಿಯಾಗಿ 1981ರಲ್ಲಿ ಮುಚ್ಚಿತು. 1994ರಲ್ಲಿ ಟೇಟ್ ಸಂಸ್ಥೆ ತನ್ನ ಆಧುನಿಕ ಕಲೆಯ ಸಂಗ್ರಹಕ್ಕೆ ಇದೇ ಕಟ್ಟಡವನ್ನು ಆರಿಸಿತು. ಮರುವಿನ್ಯಾಸದ ಸ್ಪರ್ಧೆ ಗೆದ್ದವರು ಸ್ವಿಟ್ಜರ್‌ಲೆಂಡಿನ ವಾಸ್ತುಶಿಲ್ಪಿಗಳಾದ ಹರ್ಜೋಗ್ ಮತ್ತು ಡಿ ಮ್ಯೂರಾನ್. 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು.

ಇದನ್ನು ಲಂಡನ್ನಿನ ಇನ್ನೊಂದು ಹಳೆಯ ವಿದ್ಯುತ್ ಸ್ಥಾವರವಾದ ಬ್ಯಾಟರ್‌ಸೀ ಜೊತೆ ಕಲಸಿಕೊಳ್ಳಬೇಡಿ. ಎರಡಕ್ಕೂ ಸ್ಕಾಟ್ ಹೆಸರು ಅಂಟಿದೆ, ಎರಡೂ ಥೇಮ್ಸ್ ದಂಡೆಯಲ್ಲಿವೆ, ಎರಡೂ ಇಟ್ಟಿಗೆಯವು. ಬ್ಯಾಟರ್‌ಸೀಗೆ ನಾಲ್ಕು ಚಿಮಣಿ, ಅಲ್ಲಿ ಉರಿದದ್ದು ಕಲ್ಲಿದ್ದಲು, ಅದು ಅಂಗಡಿ ಮತ್ತು ಕಚೇರಿಗಳಾಗಿ ತೆರೆದದ್ದು 2022ರಲ್ಲಿ. ಬ್ಯಾಂಕ್‌ಸೈಡ್‌ಗೆ ಒಂದೇ ಚಿಮಣಿ. ಚಿಮಣಿ ಎಣಿಸಿದರೆ ಸಾಕು, ಗೊಂದಲ ಇರುವುದಿಲ್ಲ.

ಕುದಿ, ತಿರುಗು, ಹಂಚು

ನನಗೆ ತುಂಬಾ ಕೈಹಿಡಿದ ಸೂತ್ರ ಇದು. ಯಾವ ಉಷ್ಣ ವಿದ್ಯುತ್ ಸ್ಥಾವರದ ಪ್ಲಾನ್ ಎದುರಿಗೆ ಬಂದರೂ ಗೋಡೆಗಳನ್ನು ನೋಡಬೇಡಿ, ಉಗಿಯ ಬೆನ್ನು ಹತ್ತಿ. ಬಾಯ್ಲರ್‌ನಲ್ಲಿ ನೀರು ಕುದಿಯುತ್ತದೆ. ಆ ಉಗಿ ಟರ್ಬೈನ್ ಎಂಬ ರೆಕ್ಕೆಚಕ್ರದ ಯಂತ್ರವನ್ನು ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಮತ್ತು ಸ್ವಿಚ್‌ಗಳು ಊರಿಗೆ ಹಂಚುತ್ತವೆ. ಬ್ಯಾಂಕ್‌ಸೈಡ್‌ನಲ್ಲಿ ಈ ಮೂರು ಕೆಲಸಗಳೇ ಮೂರು ಉದ್ದನೆಯ ಪಟ್ಟಿಗಳಾಗಿ ಒಂದರ ಪಕ್ಕ ಒಂದು ಮಲಗಿವೆ: ನದಿಯ ಕಡೆ, ಅಂದರೆ ಉತ್ತರಕ್ಕೆ, ಬಾಯ್ಲರ್ ಹೌಸ್, ನಡುವೆ ಟರ್ಬೈನ್ ಹಾಲ್, ದಕ್ಷಿಣಕ್ಕೆ ಸ್ವಿಚ್ ಹೌಸ್. ತೈಲ ತುಂಬುತ್ತಿದ್ದ ಟ್ಯಾಂಕ್‌ಗಳು ಮಾತ್ರ ದಕ್ಷಿಣದ ಬದಿಯಲ್ಲಿ ನೆಲದಡಿ ಹೂತಿದ್ದವು. ಹಾಗಾಗಿ ತೈಲದ ಜಾಡು ಹಿಡಿದರೆ ಸೂತ್ರ ತಪ್ಪುತ್ತದೆ.

ಈ ಮೂರು ಪಟ್ಟಿಗಳನ್ನು ಒಮ್ಮೆ ಕೈಯಿಂದ ಬರೆದುಕೊಂಡರೆ ಮ್ಯೂಸಿಯಂ ತಾನಾಗಿ ಅರ್ಥವಾಗುತ್ತದೆ. ಕುದಿಯುತ್ತಿದ್ದ ಪಟ್ಟಿಯಲ್ಲಿ ಚಿತ್ರಶಾಲೆಗಳು ಬಂದವು. ತಿರುಗುತ್ತಿದ್ದ ಪಟ್ಟಿಯನ್ನು ಖಾಲಿ ಬಿಟ್ಟರು. ಹಂಚುತ್ತಿದ್ದ ಪಟ್ಟಿಯ ಒಂದು ಭಾಗ 2000ದ ನಂತರವೂ ಸಬ್‌ಸ್ಟೇಷನ್ ಆಗಿಯೇ ಕೆಲಸ ಮಾಡುತ್ತಿತ್ತು. ಗೋಡೆಯ ಈಚೆ ಕಲೆ, ಆಚೆ ವಿದ್ಯುತ್. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು.

ನಾನು ಎಡವಿದ್ದು ಇಲ್ಲಿ

ಟರ್ಬೈನ್ ಹಾಲ್‌ಗೆ ಪಶ್ಚಿಮದಿಂದ ಹೋಗುವವರು ಅಗಲವಾದ ಇಳಿಜಾರಿನಲ್ಲಿ ಕೆಳಗಿಳಿಯುತ್ತಾರೆ. ರಸ್ತೆಯ ಮಟ್ಟಕ್ಕಿಂತ ತಗ್ಗಿಗೆ ಹೋಗಿ ನಿಂತಾಗ ತಲೆಯ ಮೇಲೆ 35 ಮೀಟರ್ ಎತ್ತರದ ಖಾಲಿ ಜಾಗ. ನದಿಯ ಕಡೆಯ ಬಾಗಿಲಿನಿಂದ ಬಂದವರು ಮಾತ್ರ ನೆಲಮಟ್ಟದಲ್ಲೇ ಒಳಬಂದು, ಹಾಲ್‌ಗೆ ಅಡ್ಡಲಾಗಿರುವ ಒಂದು ಸೇತುವೆಯ ಮೇಲೆ ನಿಲ್ಲುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಕಾರ್ಖಾನೆಯೊಳಗೆ ಸೇತುವೆ ಏಕೆ? ಇಳಿಜಾರು ಏಕೆ? ವಾಸ್ತುಶಿಲ್ಪಿಗಳು ನೆಲ ಅಗೆದು ಹಾಲ್ ಆಳ ಮಾಡಿದರು ಎಂದೇ ನಾನು ಬರೆದುಕೊಂಡಿದ್ದೆ. ಅದು ತಪ್ಪು.

ಈ ಗಂಟು ಬಿಡಿಸಿಕೊಟ್ಟವರು ನಮ್ಮ ಮುತ್ಯಾ, ಅಂದರೆ ಅಜ್ಜ. ನಮ್ಮ ಊರು ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್‌ನ ಸ್ಪಿನ್ನಿಂಗ್ (ನೂಲುವ) ಖಾತೆಯಲ್ಲಿ ದುಡಿದವರು, ಇಂಗ್ಲಿಷ್ ಬರುವುದಿಲ್ಲ. ಪಡಸಾಲೆಯಲ್ಲಿ ಹಾಳೆ ಹರವಿಕೊಂಡು ಕೂತಿದ್ದಾಗ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದರು. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮಷಿನ್ ಕಾಲು ಎಲ್ಲಿ ಅವ ಇದ್ರಾಗ?"

ಟರ್ಬೈನ್ ತೆಗೆದುಬಿಟ್ಟಿದ್ದಾರೆ ಎಂದೆ.

"ತಗದಾರ, ಖರೇ. ಆದ್ರ ಅಷ್ಟು ವಜ್ಜೆ ಮಷಿನ್ ಬರೇ ಫರ್ಸಿ ಮ್ಯಾಲ ಕೂಡಂಗಿಲ್ಲ ಅವ್ವಾ. ಕೆಳಗ ಏನರ ಇರಬೇಕು, ನೋಡು."

ಇತ್ತು. ಉಗಿ ಟರ್ಬೈನ್ ಸಾಮಾನ್ಯವಾಗಿ ಮೇಲಂತಸ್ತಿನಲ್ಲಿ, ಭಾರಿ ಕಾಂಕ್ರೀಟ್ ಕಂಬಗಳ ಮೇಲೆ ಕೂರುತ್ತದೆ. ಏಕೆಂದರೆ ಅದರ ಅಡಿಯಲ್ಲಿ ಕಂಡೆನ್ಸರ್ ಇರಬೇಕು. ಟರ್ಬೈನ್ ತಿರುಗಿಸಿ ಶಕ್ತಿ ಕಳೆದುಕೊಂಡ ಉಗಿ ಕೆಳಗಿಳಿದು ಕಂಡೆನ್ಸರ್ ಸೇರುತ್ತದೆ. ಅಲ್ಲಿ ಸಾವಿರಾರು ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಅದು ತಾಗಿ ಉಗಿ ಮತ್ತೆ ನೀರಾಗುತ್ತದೆ, ಆ ನೀರು ಬಾಯ್ಲರ್‌ಗೆ ವಾಪಸ್. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಒಳಮೈಯಲ್ಲಿ ಹನಿಗಟ್ಟಿರುತ್ತದೆ. ಕೆಲಸ ಅದೇ, ಅಳತೆ ಬೇರೆ. ಇಷ್ಟು ತಂಪು ನೀರು ಬಿಡುವಿಲ್ಲದೆ ಬೇಕು ಎಂದೇ ಇಂಥ ಸ್ಥಾವರಗಳು ನದಿಯ ಮಗ್ಗುಲಲ್ಲಿ ಕೂರುತ್ತವೆ. ನಮ್ಮ ರಾಯಚೂರಿನ ಶಕ್ತಿನಗರದ ಸ್ಥಾವರ ಕೃಷ್ಣೆಯ ದಂಡೆಯಲ್ಲಿರುವುದನ್ನು ನೆನಪಿಸಿಕೊಳ್ಳಿ.

ಅಂದರೆ ಹಾಲ್‌ಗೆ ಮೊದಲಿನಿಂದಲೇ ಎರಡು ಪಾಲು ಇದ್ದವು: ಮೇಲೆ ಯಂತ್ರದ ಪಾಲು, ಕೆಳಗೆ ನೆಲಮಾಳಿಗೆಯ ಪಾಲು. ಯಂತ್ರಗಳನ್ನು ಹೊರಹಾಕಿದ ಮೇಲೆ ವಾಸ್ತುಶಿಲ್ಪಿಗಳು ನೆಲಮಟ್ಟದ ಅಂತಸ್ತನ್ನೂ ಕಿತ್ತುಹಾಕಿದರು. ಎರಡು ಪಾಲು ಸೇರಿ ಒಂದೇ ಜಾಗವಾಯಿತು. 35 ಮೀಟರ್ ಎನ್ನುವುದು ನೆಲಮಾಳಿಗೆಯ ತಳದಿಂದ ಎಣಿಸಿದ ಎತ್ತರ. ನಡುವಿನ ಸೇತುವೆ ಇರುವ ಮಟ್ಟವೇ ಹಳೆಯ ನೆಲದ ಮಟ್ಟ. ಇಳಿಜಾರು ಬೇಕಾದದ್ದು ರಸ್ತೆಯಿಂದ ಆ ತಳಕ್ಕೆ ಇಳಿಯಲು. ಇಷ್ಟು ಗೊತ್ತಾದ ಮೇಲೆ ಸೆಕ್ಷನ್ನಿನ ಒಂದೊಂದು ಗೆರೆಯೂ ತನ್ನ ಜಾಗಕ್ಕೆ ಬಂದು ಕೂತಿತು. ಪರೀಕ್ಷೆಯಲ್ಲಿ "ಏನನ್ನು ಸೇರಿಸಿದರು" ಎಂದು ಕೇಳಿದರೂ ಮೊದಲು "ಏನನ್ನು ತೆಗೆದರು" ಎಂದು ಬರೆಯುವುದು ಸರಿ ಎಂದು ನನ್ನ ಅಭಿಪ್ರಾಯ. ಇಲ್ಲಿ ತೆಗೆದ ನೆಲವೇ ದೊಡ್ಡ ವಿನ್ಯಾಸ.

ಹಾಲ್ ಎಷ್ಟು ದೊಡ್ಡದು? ಉದ್ದ ಸುಮಾರು 152 ಮೀಟರ್, ಅಗಲ 23 ಮೀಟರ್. ಗುಣಿಸಿದರೆ 3,496 ಚದರ ಮೀಟರ್, ಅಡಿಯಲ್ಲಿ ಹೇಳಿದರೆ 37,600 ಚದರ ಅಡಿಯ ಆಸುಪಾಸು. ಈಗ ನಮ್ಮ ಕಲಬುರಗಿ ಕೋಟೆಯೊಳಗಿನ, 1367ರ ಜಾಮಿಯಾ ಮಸೀದಿಯನ್ನು ತೆಗೆದುಕೊಳ್ಳಿ: 216 ಅಡಿಗೆ 176 ಅಡಿ, ಅಂದರೆ 38,016 ಚದರ ಅಡಿ. ಲೆಕ್ಕವನ್ನು ಎರಡು ಸಲ ಮಾಡಿದೆ. ಹೆಚ್ಚುಕಡಿಮೆ ಒಂದೇ ವಿಸ್ತೀರ್ಣ! ಮಸೀದಿಯಲ್ಲಿ ಕಮಾನುಗಳ ಸಾಲು ಜಾಗವನ್ನು ತುಂಡು ತುಂಡು ಮಾಡಿ ಎತ್ತರವನ್ನು ಮನುಷ್ಯನ ಅಳತೆಗೆ ತರುತ್ತದೆ. ಹಾಲ್‌ನಲ್ಲಿ ನಡುವೆ ಒಂದೂ ಕಂಬವಿಲ್ಲ, ಯಂತ್ರ ಎತ್ತುವ ಕ್ರೇನ್ ಮೇಲೆ ಈ ತುದಿಯಿಂದ ಆ ತುದಿಗೆ ಓಡಬೇಕಿತ್ತಲ್ಲ. ಕ್ರೇನ್‌ಗಳನ್ನು ಹಾಗೇ ಉಳಿಸಿದ್ದಾರೆ. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ 2002ರಲ್ಲಿ ಇಲ್ಲಿ ಉಕ್ಕಿನ ಮೂರು ಭಾರಿ ಬಳೆಗಳ ನಡುವೆ ಕೆಂಪು ಪೊರೆಯನ್ನು ಹಾಲ್‌ನ ಉದ್ದಕ್ಕೂ ಬಿಗಿದು ಕಟ್ಟಿದ್ದರು. ಕಂಬವಿದ್ದರೆ ಅದು ಆಗುತ್ತಿರಲಿಲ್ಲ.

ಉಳಿದದ್ದು

ಗೋಡೆ: ಸುಮಾರು 42 ಲಕ್ಷ ಇಟ್ಟಿಗೆ ಇದ್ದರೂ ಭಾರ ಹೊರುವುದು ಒಳಗಿನ ಉಕ್ಕಿನ ಫ್ರೇಮ್. ಅದಕ್ಕೇ ಬಾಯ್ಲರ್ ಹೌಸ್‌ನ ಒಳಗನ್ನೆಲ್ಲ ತೆಗೆದು ಹೊಸ ಉಕ್ಕು, ಹೊಸ ಅಂತಸ್ತುಗಳನ್ನು ಎಬ್ಬಿಸಲು ಸಾಧ್ಯವಾಯಿತು. ಮೇಲೆ ಕಟ್ಟಡದ ಉದ್ದಕ್ಕೂ ಎರಡು ಅಂತಸ್ತಿನ ಗಾಜಿನ ಪೆಟ್ಟಿಗೆ ಕೂರಿಸಿದರು.

ಚಿಮಣಿ: 99 ಮೀಟರ್. ನದಿಯ ಆಚೆ ಎದುರಿಗೇ ಸೇಂಟ್ ಪಾಲ್ಸ್ ಕೆಥೆಡ್ರಲ್, 111 ಮೀಟರ್. ಅದಕ್ಕಿಂತ ತಗ್ಗಿರಬೇಕೆಂದೇ ಹೊಗೆಯನ್ನೆಲ್ಲ ಒಂದೇ ಚಿಮಣಿಗೆ ತಂದು ಈ ಎತ್ತರಕ್ಕೆ ನಿಲ್ಲಿಸಿದರು.

ಮುಂದಿನ ಹಂತ: 2012ರಲ್ಲಿ ನೆಲದಡಿಯ ತೈಲದ ಟ್ಯಾಂಕ್‌ಗಳೇ ಪ್ರದರ್ಶನಕ್ಕೆ ತೆರೆದವು. 2016ರಲ್ಲಿ ಅವುಗಳ ಮೇಲೆ 10 ಅಂತಸ್ತಿನ ಹೊಸ ಕಟ್ಟಡ ಎದ್ದಿತು, ಅದಕ್ಕೂ ಇಟ್ಟಿಗೆಯ ಮೈ.

ಸೂತ್ರವನ್ನು ಊರಿಗೆ ತಂದಾಗ

ಎಂ.ಎಸ್.ಕೆ. ಎಂದರೆ ಮೆಹಬೂಬ್ ಶಾಹಿ ಕಲಬುರಗಿ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೆಸರಿನ ಮಿಲ್. ನಮ್ಮಲ್ಲಿ ಬಹಳ ಮಂದಿಗೆ ಅದೀಗ ಆಟೋದವನಿಗೆ ಹೇಳುವ ವಿಳಾಸ ಅಷ್ಟೇ. ಮುತ್ಯಾಗೆ ಹಾಗಲ್ಲ. ಉಗಿಯ ಬೆನ್ನು ಹತ್ತುವ ಸೂತ್ರ ವಿವರಿಸಿದಾಗ ಅವರು ಒಡನೆ, "ನಮ್ಮಲ್ಲಿ ಹತ್ತಿ ಬೆನ್ನ ಹತ್ತಬೇಕು" ಎಂದರು. ನನ್ನ ಕೈಯಿಂದ ಚಾಕ್‌ಪೀಸ್ ಇಸಿದುಕೊಂಡು, ಮೊಣಕಾಲು ಹಿಡಿದು ನಿಧಾನ ಕೂತು, ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ಚೌಕಗಳನ್ನು ಬರೆದರು: ಬ್ಲೋ ರೂಂ (ಹತ್ತಿ ಬಿಡಿಸುವುದು), ಕಾರ್ಡಿಂಗ್ (ಹಿಂಜುವುದು), ಸ್ಪಿನ್ನಿಂಗ್, ವೀವಿಂಗ್ (ನೇಯುವುದು). ಸ್ಪಿನ್ನಿಂಗ್ ಚೌಕದಲ್ಲಿ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರಗಳ ಸಾಲಿಗೆ ಗೆರೆ ಎಳೆಯುತ್ತಾ ಎಳೆಯುತ್ತಾ ಒಂದು ಗೆರೆಯ ಹತ್ತಿರ ಕೈ ನಿಲ್ಲಿಸಿ, ಅದು ತಮ್ಮದು ಎಂದರು. ಗಾಳಿ ಒಣಗಿದರೆ ನೂಲು ಕಡಿಯುತ್ತದೆಂದು ಒಳಗೆ ಯಾವಾಗಲೂ ತೇವ ಇಡುತ್ತಿದ್ದರಂತೆ. ಮಿಲ್‌ನ ಭೋಂಗಾ (ಸೈರನ್) ಊದಿದಾಗ ಹೊರಬಂದರೆ ಅಂಗಿ ಮೈಗಂಟಿರುತ್ತಿತ್ತಂತೆ.

ಬೆಳಿಗ್ಗೆ ಅವ್ವ ನೆಲ ಒರೆಸುವ ಮೊದಲೇ ಎದ್ದು ಆ ಚೌಕಗಳನ್ನು ಹಾಳೆಗೆ ಇಳಿಸಿಕೊಂಡೆ. ಒಂದು ಫರ್ಸಿ ಎರಡು ಅಡಿ, ಅದನ್ನೇ ಸ್ಕೇಲ್ ಆಗಿ ಇಟ್ಟುಕೊಂಡಿದ್ದೇನೆ. ಮುತ್ಯಾ ಹೇಳಿದ ಗೆರೆಯ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿದ್ದೇನೆ.