ದೂರದ ಓಟ ಮುಗಿದ ವಾರದಲ್ಲೇ ನೆಗಡಿ ಏಕೆ?

ಪ್ರಶ್ನೆ: ಅಲ್ಟ್ರಾ ಮ್ಯಾರಥಾನ್ (42 ಕಿ.ಮೀ. ಮ್ಯಾರಥಾನ್‌ಗಿಂತಲೂ ಉದ್ದದ ಓಟ) ಓಡಿ ಬಂದ ನಾಲ್ಕೈದು ದಿನಕ್ಕೆ ಗಂಟಲು ಕೆರೆತ, ನೆಗಡಿ. ತೂಕವೂ ಇಳಿದಿರುತ್ತದೆ. ಅತಿಯಾದ ಓಟದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ? ಇಳಿದದ್ದು ಕೊಬ್ಬೋ, ಸ್ನಾಯುವೋ?

ಉತ್ತರ: ನಿಮ್ಮ ಅನುಮಾನ ಹಳೆಯದು. ಕೇಪ್‌ಟೌನ್‌ನ 56 ಕಿ.ಮೀ. ಟೂ ಓಶನ್ಸ್ ಓಟದ ಮೇಲೆ 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಟದ ನಂತರದ ಎರಡು ವಾರಗಳಲ್ಲಿ ಓಡಿದವರಲ್ಲಿ ಶೇ 33 ಮಂದಿಗೆ ನೆಗಡಿ, ಗಂಟಲು ನೋವು ಕಾಣಿಸಿತ್ತು. ಓಡದವರಲ್ಲಿ ಶೇ 15 ಮಂದಿಗೆ. ಬೇಗ ಗುರಿ ಮುಟ್ಟಿದವರಿಗೇ ಕಾಟ ಹೆಚ್ಚು. 1987ರ ಲಾಸ್ ಏಂಜಲಿಸ್ ಮ್ಯಾರಥಾನ್‌ನಲ್ಲೂ ಹಾಗೆಯೇ: ಓಡಿದವರಲ್ಲಿ ಶೇ 12.9, ಅವರಷ್ಟೇ ತಯಾರಿ ನಡೆಸಿಯೂ ಬೇರೆ ಕಾರಣಕ್ಕೆ ಓಡದೆ ಉಳಿದವರಲ್ಲಿ ಶೇ 2.2.

ರಕ್ತಪರೀಕ್ಷೆಯೂ ಇದಕ್ಕೆ ಸಾಕ್ಷಿ ಹೇಳುವಂತಿತ್ತು. ಓಡುವಾಗ ಅಡ್ರಿನಾಲಿನ್ ಏರಿ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಓಟ ನಿಂತ ಒಂದೆರಡು ಗಂಟೆಯಲ್ಲಿ ಮೊದಲಿಗಿಂತಲೂ ಕೆಳಗಿಳಿಯುತ್ತವೆ. ಈ ಹೊತ್ತಿನಲ್ಲಿ ವೈರಸ್‌ಗೆ ಬಾಗಿಲು ತೆರೆದಂತೆ ಎಂದು ಬಹುಕಾಲ ನಂಬಿದ್ದರು. 2018ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಕಣಗಳು ಸತ್ತಿಲ್ಲ, ಶ್ವಾಸಕೋಶಕ್ಕೂ ಕರುಳಿಗೂ ಕಾವಲಿಗೆ ಹೋಗಿವೆ ಎಂಬುದು ಅವರ ವಾದ. ಹೆದ್ದಾರಿಯಲ್ಲಿ ಪೊಲೀಸರು ಕಾಣಲಿಲ್ಲವೆಂದು ಊರಲ್ಲೇ ಪೊಲೀಸರಿಲ್ಲ ಎನ್ನಲಾಗದಲ್ಲ!

ನನಗೂ ಇದೇ ಸರಿ ಎನಿಸುತ್ತದೆ. ಗಂಟಲು ಕೆರೆತವೆಲ್ಲ ಸೋಂಕೂ ಅಲ್ಲ. ಗಂಟೆಗಟ್ಟಲೆ ಬಾಯಲ್ಲಿ ಒಣಗಾಳಿ ಎಳೆದರೆ ಗಂಟಲು ಉರಿಯುವುದು ಸಹಜ. ಇನ್ನು ಎದೆಗೆ ಸಿಕ್ಕಿಸುವ ಓಟದ ಸಂಖ್ಯೆಯ ಚೀಟಿ (ಬಿಬ್) ಪಡೆಯುವಲ್ಲಿನ ನೂಕುನುಗ್ಗಲು, ರಾತ್ರಿ ಬಸ್ಸು, ಹಿಂದಿನ ದಿನದ ನಿದ್ದೆಗೇಡು, ಇವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹಾಗೆಂದು ಓಟ ಪೂರ್ತಿ ನಿರಪರಾಧಿಯೂ ಅಲ್ಲ. ಹೊಟ್ಟೆಗಿಲ್ಲದೆ ಓಡಿದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇನ್ನಷ್ಟು ಏರುತ್ತದೆ. ಓಡುತ್ತಲೇ ಬಾಳೆಹಣ್ಣು, ಓಟಗಾರರ ಸಕ್ಕರೆ ಜೆಲ್ ಏನಾದರೂ ತಿಂದರೆ ಅಷ್ಟು ಏರದು. ವಿಟಮಿನ್ ಸಿ ಮಾತ್ರೆ ನೆಗಡಿ ಬಾರದಂತೆ ತಡೆಯುವುದಿಲ್ಲವೆಂಬ ಮಾತು ಸಾಮಾನ್ಯ ಜನರ ಮಟ್ಟಿಗೆ ನಿಜ. ಆದರೆ ಮ್ಯಾರಥಾನ್ ಓಟಗಾರರು, ಸ್ಕೀ ಪಟುಗಳು, ಕಠಿಣ ತರಬೇತಿಯ ಸೈನಿಕರ ಮೇಲಿನ ಪ್ರಯೋಗಗಳಲ್ಲಿ ನೆಗಡಿ ಸುಮಾರು ಅರ್ಧಕ್ಕಿಳಿದಿತ್ತು.

ತೂಕದ ವಿಷಯಕ್ಕೆ ಬರೋಣ. ಒಂದೇ ಓಟದಲ್ಲಿ ಇಳಿಯುವುದು ಹೆಚ್ಚಾಗಿ ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಶೇಖರಿಸಿಟ್ಟ ಸಕ್ಕರೆಯ ರೂಪ) ಜತೆ ಸುಮಾರು 3 ಗ್ರಾಂ ನೀರಿರುತ್ತದೆ. ಅದು ಕರಗಿದಾಗ ತಕ್ಕಡಿ ಇಳಿದಂತೆ ತೋರುತ್ತದೆ, ಎರಡು ದಿನ ಸರಿಯಾಗಿ ಉಂಡರೆ ಮರಳುತ್ತದೆ. ನಿಜವಾದ ಕರಗುವಿಕೆ ನೋಡಬೇಕಿದ್ದರೆ 2009ರ ಟ್ರಾನ್ಸ್‌ಯುರೋಪ್ ಓಟ: ಇಟಲಿಯ ಬಾರಿಯಿಂದ ನಾರ್ವೆಯ ಉತ್ತರ ತುದಿಗೆ 64 ದಿನ, ವಿಶ್ರಾಂತಿ ದಿನವೇ ಇಲ್ಲದೆ ಸುಮಾರು 4,487 ಕಿ.ಮೀ. ಲಾರಿಯ ಮೇಲೆ ಎಂಆರ್‌ಐ ಯಂತ್ರ ಹೊತ್ತು ವೈದ್ಯರೂ ಹಿಂದೆಯೇ ಹೋದರು. ಮೈಯ ಕೊಬ್ಬು ಅರ್ಧದಷ್ಟು ಕರಗಿತ್ತು, ಅದರಲ್ಲೂ ಬಹುಪಾಲು ಮೊದಲರ್ಧ ದಾರಿಯಲ್ಲೇ. ಆದರೆ ದಿನವಿಡೀ ದುಡಿದ ಕಾಲುಗಳ ಸ್ನಾಯುವೂ ಶೇ 7ರಷ್ಟು ಕಡಿಮೆಯಾಗಿತ್ತು! ಖರ್ಚಿಗೆ ತಕ್ಕಷ್ಟು ಊಟ ಸೇರದಿದ್ದರೆ ದೇಹ ಸ್ನಾಯುವಿಗೂ ಕೈಹಾಕುತ್ತದೆ. ತಿಂಗಳುಗಟ್ಟಲೆ ಹೀಗೇ ಸಾಗಿದರೆ ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು; ಗಂಡಸರಿಗೆ ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನ್ ಕುಸಿಯಬಹುದು.

ನೆಗಡಿ ಮೂಗಿನಲ್ಲಷ್ಟೇ ಇದ್ದರೆ ಹಗುರ ನಡಿಗೆಗೆ ಅಡ್ಡಿಯಿಲ್ಲ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಶೂ ಮುಟ್ಟಬೇಡಿ. ವೈರಸ್ ಹೃದಯದ ಸ್ನಾಯುವಿಗೂ ತಗುಲಿದ್ದರೆ ಆ ಓಟ ಜೀವಕ್ಕೇ ಕುತ್ತು.